ಸ್ಯಾಂಡರ್ ಬಿಡುತ್ತಿದ್ದ ಸುರುಳಿ ಗೀರು, ಮೂಗಿಗೆ ಹೋಗುತ್ತಿದ್ದ ಧೂಳು

ಪುಣೆಯ ಭವಾನಿ ಪೇಟೆಯಿಂದ ತಂದ ತೇಗದ ಹಲಗೆಗೆ 125 ಎಂಎಂ ಆರ್ಬಿಟಲ್ ಸ್ಯಾಂಡರ್ (ಸ್ಯಾಂಡ್‌ಪೇಪರ್ ಡಿಸ್ಕ್ ತಿರುಗಿಸಿ ಮರ ಉಜ್ಜುವ ಯಂತ್ರ) ಹಿಡಿದರೆ ಹಂದಿಬಾಲದಂಥ ಸುರುಳಿ ಗೀರುಗಳು. ಬರಿಗಣ್ಣಿಗೆ ಕಾಣುತ್ತಿರಲಿಲ್ಲ, ಪಾಲಿಶ್ ಬಿದ್ದ ಮೇಲೆ ಎದ್ದು ಕಾಣುತ್ತಿದ್ದವು. ಜೊತೆಗೆ ಶೆಡ್ಡಿನ ತುಂಬ ಧೂಳು.

ಜೋರಾಗಿ ಒತ್ತಿದೆ: ಹಲಗೆ ಬಿಸಿಯಾಯಿತು, ಗೀರು ಹೆಚ್ಚಾಯಿತು. 80 ನಂಬರಿನ ಒರಟು ಪೇಪರಿನಿಂದ ನೇರ 240ರ ನಯವಾದ ಪೇಪರಿಗೆ ಹಾರಿದೆ, ಹಳೆಯ ಗೀರು ಉಳಿಯಿತು. ಫ್ಯಾನ್ ಹಾಕಿದ್ದಂತೂ ದಡ್ಡತನ, ಧೂಳು ಪಕ್ಕದ ಅಂಗಡಿಗೆ ಹೋಯಿತು.

ಡಿಸ್ಕ್ ಕಿತ್ತು ನೋಡಿದಾಗ ತಿಳಿಯಿತು. ಡಿಸ್ಕ್ ಅಂಟುವ ಪ್ಯಾಡಿಗೆ ಧೂಳು ಹೀರಲು 8 ತೂತು, ನಾನು ಅಂಟಿಸುತ್ತಿದ್ದ ಡಿಸ್ಕಿಗೆ 5. ಹೀರಬೇಕಾದ ಧೂಳು ಅಡಿಯಲ್ಲೇ ಗಟ್ಟಿಯಾಗಿ ಮೆತ್ತಿಕೊಂಡು ಮರವನ್ನು ಗೀರುತ್ತಿತ್ತು.

ಈಗಿನ ಕ್ರಮ: ಮೊದಲು ಪ್ಲಗ್ ಕಿತ್ತು, 8 ತೂತಿನ ಡಿಸ್ಕನ್ನು ತೂತಿಗೆ ತೂತು ಸರಿಹೊಂದಿಸಿ ಅಂಟಿಸುವುದು. ವ್ಯಾಕ್ಯೂಮ್ ಪೈಪ್ ಸಿಕ್ಕಿಸುವುದು. ಎನ್95 ಮಾಸ್ಕ್, ಕನ್ನಡಕ, ಕಿವಿಗೆ ಪ್ಲಗ್. ಪ್ಯಾಡನ್ನು ಹಲಗೆಯ ಮೇಲೆ ಸಮವಾಗಿ ಇಟ್ಟ ಮೇಲೆ ಸ್ವಿಚ್. ನನ್ನ ಯಂತ್ರದಲ್ಲಿ ವೇಗದ ಗುಂಡಿ 4ರಲ್ಲಿ. ಯಂತ್ರದ ತೂಕವೇ ಸಾಕು, ಕೈ ದಾರಿ ತೋರಿಸಿದರಾಯಿತು; ಸೆಕೆಂಡಿಗೆ ಎರಡು-ಮೂರು ಸೆಂಟಿಮೀಟರ್, ಅಷ್ಟು ನಿಧಾನ. ಪೇಪರಿನ ನಂಬರು ಕ್ರಮವಾಗಿ 80, 120, 180. ನಡುನಡುವೆ ಹಲಗೆಯನ್ನು ವ್ಯಾಕ್ಯೂಮಿನಿಂದ ಒರೆಸಬೇಕು, ಇಲ್ಲವಾದರೆ 80ರ ಕಾಳು 180ರ ಅಡಿಗೆ ಸಿಕ್ಕಿಕೊಂಡು ಮತ್ತೆ ಸುರುಳಿ. ಟಾರ್ಚನ್ನು ಹಲಗೆಗೆ ಓರೆಯಾಗಿ ಹಿಡಿದರೆ ಉಳಿದ ಗೀರು ಪಾಲಿಶ್‌ಗೆ ಮೊದಲೇ ಸಿಗುತ್ತದೆ.