ಫೋರ್ಕ್‌ಲಿಫ್ಟ್ ಓಡಿಸಲು ಏನೇನು ಬೇಕು: ಲೈಸೆನ್ಸ್, ತರಬೇತಿ, ಲಿಖಿತ ಅನುಮತಿ

ಕಾರಟಗಿ, ಗಂಗಾವತಿಯ ರೈಸ್ ಮಿಲ್ಲಿರಲಿ, ರಾಯಚೂರಿನ ಜಿನ್ನಿಂಗ್ ಫ್ಯಾಕ್ಟರಿಯಿರಲಿ, ತೋರಣಗಲ್ಲು ಕಡೆಯ ಉಕ್ಕಿನ ಕಾರ್ಖಾನೆಯಿರಲಿ, ಫೋರ್ಕ್‌ಲಿಫ್ಟ್ ಕೆಲಸಕ್ಕೆ ಬಂದವರು ಕೇಳುವ ಮೊದಲ ಪ್ರಶ್ನೆ ಒಂದೇ: ‘ಕಾರಿನ ಡಿಎಲ್ ಇದೆ, ಸಾಕಲ್ವಾ?’ ಸಾಲದು.

ಗೇಟಿನ ಒಳಗೊಂದು ಲೆಕ್ಕ, ಹೊರಗೊಂದು ಲೆಕ್ಕ. ಕಾರ್ಖಾನೆ ಅಥವಾ ಆವರಣದೊಳಗೆ ಮಾತ್ರ ಬಳಸಲೆಂದೇ ಮಾಡಿದ ಗಾಡಿಯನ್ನು 1988ರ ಮೋಟಾರು ವಾಹನ ಕಾಯ್ದೆ ‘ಮೋಟಾರು ವಾಹನ’ ಎಂದು ಪರಿಗಣಿಸುವುದಿಲ್ಲ. ಹಾಗಾಗಿ ಒಳಗೆ ಓಡಿಸಲು ಆರ್‌ಟಿಒ ಲೈಸೆನ್ಸ್ ಕಡ್ಡಾಯವಲ್ಲ. ಹಾಗಂತ ಯಾರು ಬೇಕಾದರೂ ಹತ್ತಬಹುದು ಎಂದಲ್ಲ. ಕೆಲಸಗಾರರಿಗೆ ತರಬೇತಿ ಕೊಟ್ಟು ಮೇಲ್ವಿಚಾರಣೆ ಮಾಡುವ ಹೊಣೆಯನ್ನು 1948ರ ಕಾರ್ಖಾನೆ ಕಾಯ್ದೆಯ 7ಎ ಕಲಮು ಮಾಲೀಕರ ಮೇಲೆ ಹೊರಿಸಿತ್ತು. 2020ರ ವೃತ್ತಿ ಸುರಕ್ಷತಾ ಸಂಹಿತೆಯಲ್ಲೂ ಆ ಹೊಣೆ ಮುಂದುವರಿದಿದೆ. ಅಪಘಾತವಾದ ದಿನ ಅಧಿಕಾರಿಗಳು ಕೇಳುವುದು ತರಬೇತಿಯ ದಾಖಲೆಯನ್ನೇ.

ಎದುರಿನ ಗೋದಾಮಿಗೆ ಚೀಲ ಸಾಗಿಸಲು ರಸ್ತೆ ದಾಟಿದರೂ ಲೆಕ್ಕ ಬದಲಾಗುತ್ತದೆ. ಆಗ ಗಾಡಿಗೆ ನೋಂದಣಿ, ವಿಮೆ ಬೇಕು. ಓಡಿಸುವವರ ಡಿಎಲ್‌ನಲ್ಲಿ ಆ ಗಾಡಿಯ ವರ್ಗ ಸೇರಿರಬೇಕು. 18 ವರ್ಷ ತುಂಬಿದವರು ಕೇಂದ್ರ ಸರ್ಕಾರದ ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಕಲಿಕಾ ಲೈಸೆನ್ಸ್ (ಎಲ್‌ಎಲ್) ಪಡೆಯಬೇಕು. ಎಲ್‌ಎಲ್ ಸಿಕ್ಕ 30 ದಿನದ ನಂತರ, ಅದರ 6 ತಿಂಗಳ ಅವಧಿ ಮುಗಿಯುವುದರೊಳಗೆ ಟೆಸ್ಟ್ ಕೊಡಬೇಕು.

ತರಬೇತಿಯಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಗಾಡಿ ಎಷ್ಟು ಭಾರ ಎತ್ತಬಲ್ಲದು ಎಂದು ಬರೆದಿರುವ ಕೆಪಾಸಿಟಿ ಪ್ಲೇಟಿಗೆ. ಹೆಚ್ಚಿನ ತಪ್ಪುಗಳು ಹುಟ್ಟುವುದು ಅಲ್ಲೇ. ‘3 ಟನ್ ಗಾಡಿ’ ಎಂದರೆ ಭಾರದ ಕೇಂದ್ರ, ಸರಕು ಎತ್ತುವ ಕವಲುಗಳಾದ ಫೋರ್ಕ್‌ನ ಬುಡದಿಂದ 500 ಮಿ.ಮೀ. ದೂರದಲ್ಲಿದ್ದಾಗ ಮಾತ್ರ 3 ಟನ್. 1,200 ಮಿ.ಮೀ. ಉದ್ದದ ಪ್ಯಾಲೆಟ್ (ಸರಕಿನ ಅಡಿಯ ಹಲಗೆ) ಎತ್ತಿದರೆ ಕೇಂದ್ರ 600ಕ್ಕೆ ಸರಿಯುತ್ತದೆ. ಮುಂದಿನ ಚಕ್ರದ ನಡುವಿನಿಂದ ಫೋರ್ಕ್ ಬುಡಕ್ಕೆ 480 ಮಿ.ಮೀ. ಇದೆ ಎಂದುಕೊಳ್ಳಿ: 3,000ವನ್ನು 980ರಿಂದ (480+500) ಗುಣಿಸಿ 1,080ರಿಂದ (480+600) ಭಾಗಿಸಿದರೆ ಗಾಡಿ ಎತ್ತಬಲ್ಲದ್ದು ಸುಮಾರು 2,720 ಕೆಜಿ. ಫೋರ್ಕ್ ಏರಿಳಿಯುವ ಕಂಬ, ಅಂದರೆ ಮಾಸ್ಟ್, ಎತ್ತರಕ್ಕೆ ಹೋದಂತೆ ಇದು ಇನ್ನೂ ಇಳಿಯಬಹುದು. ಪ್ಲೇಟಿನಲ್ಲಿ ಬರೆದದ್ದೇ ಅಂತಿಮ. 26 ಕೆಜಿಯ ಅಕ್ಕಿ ಪ್ಯಾಕೆಟ್ 40 ಸೇರಿದರೆ 1,040 ಕೆಜಿ, ಅದರ ಮೇಲೆ ಪ್ಯಾಲೆಟ್ಟಿನ ತೂಕ. ಹತ್ತಿ ಬೇಲ್ ತಲಾ 170 ಕೆಜಿ ಹಿಡಿಯಿರಿ, ಆದರೆ ಬೇಲ್ ಅನ್ನು ಎರಡೂ ಬದಿಯಿಂದ ಅಮುಕಿ ಹಿಡಿಯುವ ಬೇಲ್ ಕ್ಲ್ಯಾಂಪ್ ಹಾಕಿದ ಗಾಡಿಯ ಸಾಮರ್ಥ್ಯ ಬೇರೆ. ಕ್ಲ್ಯಾಂಪಿಗೂ ಭಾರವಿದೆ, ಅದು ಸರಕನ್ನು ಮುಂದಕ್ಕೂ ತಳ್ಳುತ್ತದೆ. ಕ್ಲ್ಯಾಂಪ್ ಸಹಿತದ ಹೊಸ ಪ್ಲೇಟ್ ಇಲ್ಲದ ಗಾಡಿಯನ್ನು ಮುಟ್ಟಬೇಡಿ.

ಆಮೇಲೆ ಅಂಗಳದ ಅಭ್ಯಾಸ. ತಿರುಗುವುದು ಹಿಂದಿನ ಚಕ್ರವಾದ್ದರಿಂದ ಗಾಡಿಯ ಹಿಂಭಾಗ ಹೊರಕ್ಕೆ ಬೀಸುತ್ತದೆ. ಕಾರು ಓಡಿಸಿ ರೂಢಿಯಾದವರು ಎಡವುವುದು ಇಲ್ಲೇ, ಪಕ್ಕದಲ್ಲಿ ನಿಂತ ಹಮಾಲರ ಕಾಲಿಗೆ ಏಟಾಗುವುದೂ ಇಲ್ಲೇ. ಮೊದಲು ಖಾಲಿ ಗಾಡಿ, ನಂತರ ಭಾರ. ಸಾಗುವಾಗ ಫೋರ್ಕ್ ನೆಲದಿಂದ 15–20 ಸೆಂ.ಮೀ. ಮೇಲಿರಲಿ, ಮಾಸ್ಟ್ ಹಿಂದಕ್ಕೆ ವಾಲಿರಲಿ. ಇಳಿಜಾರಿನಲ್ಲಿ ಹತ್ತುವಾಗಲೂ ಇಳಿಯುವಾಗಲೂ ಭಾರ ಮೇಲ್ಮುಖವಾಗಿರಬೇಕು, ಅಂದರೆ ಇಳಿಯುವುದು ರಿವರ್ಸ್‌ನಲ್ಲಿ. ಸರಕು ಮುಂದಿನ ನೋಟ ಮರೆಮಾಡಿದರೆ ಸಮತಟ್ಟಿನಲ್ಲೂ ರಿವರ್ಸ್. ಗಾಡಿ ಮಗುಚಿದರೆ ಜಿಗಿಯಬೇಡಿ. ಜಿಗಿದವರ ಮೇಲೆಯೇ ಸೀಟಿನ ಮೇಲಿರುವ ಲೋಹದ ಚೌಕಟ್ಟು (ಗಾರ್ಡ್) ಬೀಳುತ್ತದೆ. ಬೆಲ್ಟ್ ಬಿಚ್ಚದೆ ಸ್ಟೀರಿಂಗ್ ಬಿಗಿಯಾಗಿ ಹಿಡಿದು, ಕಾಲೂರಿ, ಬೀಳುವ ದಿಕ್ಕಿಗೆ ವಿರುದ್ಧವಾಗಿ ವಾಲಿ.

ಪ್ರತಿ ಪಾಳಿಯ ಮೊದಲು ಟೈರು, ಬ್ರೇಕು, ಹಾರ್ನು, ಹೈಡ್ರಾಲಿಕ್ ಸೋರಿಕೆ, ಚೈನ್ ನೋಡಿ. ಫೋರ್ಕ್‌ನ ಬಾಗಿದ ಬುಡದ ದಪ್ಪ ಶೇ. 10ರಷ್ಟು ಸವೆದಿದ್ದರೆ ಬದಲಿಸಲೇಬೇಕು, ವೆಲ್ಡಿಂಗ್ ಹಾಕಿಸುವ ಮಾತೇ ಬೇಡ. ಡೀಸೆಲ್ ಗಾಡಿಯನ್ನು ಮುಚ್ಚಿದ ಗೋದಾಮಿನಲ್ಲಿ ಓಡಿಸಿದರೆ ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಲೆಡ್-ಆಸಿಡ್ ಬ್ಯಾಟರಿ ಚಾರ್ಜಾಗುವಾಗ ಹೈಡ್ರೋಜನ್ ಹೊಮ್ಮುತ್ತದೆ. ಹತ್ತಿರ ಬೀಡಿಯೂ ಬೇಡ, ವೆಲ್ಡಿಂಗೂ ಬೇಡ.

ತರಬೇತಿಯ ಪರೀಕ್ಷೆಯಲ್ಲಿ ಪಾಸಾದವರಿಗೆ ಕಾರ್ಖಾನೆ ಕೊಡುವ ಅನುಮತಿ ಪತ್ರದಲ್ಲಿ ಹೆಸರು, ಫೋಟೊ, ಗಾಡಿಯ ಬಗೆ ಮತ್ತು ಟನ್, ಪರೀಕ್ಷೆ ತೆಗೆದುಕೊಂಡವರ ಸಹಿ, ಮುಗಿಯುವ ದಿನಾಂಕ ಇರಲಿ. ಡೀಸೆಲ್ ಗಾಡಿಗೆ ಪಾಸಾದವರು ಎತ್ತರದ ಅಟ್ಟಗಳಿಗೆ ಸರಕು ಇಡುವ ರೀಚ್ ಟ್ರಕ್ ಹತ್ತುವಂತಿಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾದ ನಿಯಮದಲ್ಲಿ 3 ವರ್ಷಕ್ಕೊಮ್ಮೆ ಮರುಪರೀಕ್ಷೆ ಕಡ್ಡಾಯ. ನಮ್ಮಲ್ಲೂ ಅದನ್ನೇ ಅಳತೆಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಅಪಘಾತವಾದರೆ, ಕೂದಲೆಳೆಯಲ್ಲಿ ತಪ್ಪಿದರೂ, ಅವಧಿಗೆ ಕಾಯದೆ ಪರೀಕ್ಷಿಸಿ. ಪತ್ರ ಎಷ್ಟೇ ಚೆನ್ನಾಗಿರಲಿ, ಕೀ ಗಾಡಿಯಲ್ಲೇ ಬಿಟ್ಟರೆ ಊಟದ ಹೊತ್ತಿಗೆ ಯಾರೋ ಹತ್ತುತ್ತಾರೆ. ಫೋರ್ಕ್ ನೆಲಕ್ಕಿಳಿಸಿ, ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಕೀಯನ್ನು ಸೂಪರ್‌ವೈಸರ್ ಕೈಗೆ ಕೊಟ್ಟೇ ಹೋಗಿ.