ಲೆಕ್ನೆಸ್‌ಗೆ ಬರುವ ಕನ್ನಡಿಗರಿಗೆ: ಕಾಗದಪತ್ರ, ಕಾರು, ಕತ್ತಲು

ನಾರ್ವೆಯ ಲೋಫೋಟೆನ್ ದ್ವೀಪಗಳ ನಡುವಿನ ವೆಸ್ಟ್‌ವೋಗೈ ಕೊಮ್ಯೂನೆಗೆ, ಅಂದರೆ ಲೆಕ್ನೆಸ್ ಪಟ್ಟಣವಿರುವ ಪುರಸಭೆಗೆ, ಕೆಲಸದ ಮೇಲೆ ಬರುವವರು ಮೊದಲು ಕಾಗದಪತ್ರಗಳ ಸರದಿ ತಿಳಿದುಕೊಳ್ಳಿ. ಇಲ್ಲಿ ಒಂದು ಮುಗಿಯದೆ ಇನ್ನೊಂದು ಆಗುವುದಿಲ್ಲ. ನಾರ್ವೆಗೆ ಬಂದ 7 ದಿನದೊಳಗೆ ವಾಸದ ಕಾರ್ಡಿಗಾಗಿ ಪೊಲೀಸರ ಅಪಾಯಿಂಟ್‌ಮೆಂಟ್ ಮಾಡಿಕೊಳ್ಳಬೇಕು. ಆಮೇಲೆ ತೆರಿಗೆ ಇಲಾಖೆಯಲ್ಲಿ ಗುರುತಿನ ತಪಾಸಣೆ. ಇದನ್ನು ಎಲ್ಲ ಕಚೇರಿಗಳೂ ಮಾಡುವುದಿಲ್ಲ, ಆದ್ದರಿಂದ ಊರು ಬಿಡುವ ಮೊದಲೇ ಆನ್‌ಲೈನಿನಲ್ಲಿ ಸಮಯ ಕಾದಿರಿಸಿ. ತೆರಿಗೆ ಕಾರ್ಡ್ ಕೈಗೆ ಬರುವ ಮುನ್ನ ಸಂಬಳವಾದರೆ ಅರ್ಧದಷ್ಟು ಮುರಿದುಕೊಳ್ಳುತ್ತಾರೆ. ಆರು ತಿಂಗಳಿಗಿಂತ ಹೆಚ್ಚು ಇರುವವರು ವಲಸೆ ನೋಂದಣಿ ಮಾಡಿಸಿ 11 ಅಂಕಿಯ ಜನ್ಮಸಂಖ್ಯೆ, ಅಂದರೆ ಖಾಯಂ ಗುರುತಿನ ಸಂಖ್ಯೆ, ಪಡೆಯಬೇಕು. ಅದಕ್ಕಿಂತ ಕಡಿಮೆ ಇರುವವರಿಗೆ ಕೊಡುವ ತಾತ್ಕಾಲಿಕ ಡಿ-ಸಂಖ್ಯೆಯ ಮೇಲೆ ಖಾಯಂ ವೈದ್ಯರು, ಅಂದರೆ ಫಾಸ್ಟ್‌ಲೇಗೆ, ಸಿಗುವುದಿಲ್ಲ.

ಕುಟುಂಬ ಸಮೇತ ಬರುವವರು ಮದುವೆ ಪ್ರಮಾಣಪತ್ರಕ್ಕೂ ಮಕ್ಕಳ ಜನನ ಪ್ರಮಾಣಪತ್ರಕ್ಕೂ ಭಾರತದಲ್ಲೇ ಅಪೋಸ್ಟಿಲ್, ಅಂದರೆ ವಿದೇಶದಲ್ಲಿ ಒಪ್ಪುವ ಸರ್ಕಾರಿ ದೃಢೀಕರಣ, ಮಾಡಿಸಿಕೊಂಡು ಬನ್ನಿ. ಪತ್ರ ಕನ್ನಡದಲ್ಲಷ್ಟೇ ಇದ್ದರೆ ಇಂಗ್ಲಿಷ್ ಅನುವಾದವೂ ಬೇಕು. ಇಲ್ಲಿ ಕೂತು ಅದನ್ನೆಲ್ಲ ಮಾಡಿಸುವುದು ತಿಂಗಳುಗಟ್ಟಲೆ ಎಳೆಯುವ ಕೆಲಸ.

ಕಾರಿಲ್ಲದೆ ಇಲ್ಲಿ ಬದುಕು ಕಷ್ಟ. ಬಸ್ಸುಗಳು ವಿರಳ, ಹಳ್ಳಿಗಳು ದೂರ ದೂರ. ಭಾರತದ ಲೈಸೆನ್ಸ್ ನೆಲೆಸಿದ ಮೇಲೆ 3 ತಿಂಗಳು ಮಾತ್ರ ನಡೆಯುತ್ತದೆ. ಅದನ್ನು ಕೊಟ್ಟು ನಾರ್ವೆಯದನ್ನು ಪಡೆಯುವ ದಾರಿಯಿಲ್ಲ, ಮೊದಲಿನಿಂದ ಕಲಿಯಬೇಕು. ಜಾರು ರಸ್ತೆಯ ತರಬೇತಿ ಕಡ್ಡಾಯ, ಕತ್ತಲೆ ಚಾಲನೆಯ ಪಾಠವೂ ಇದೆ. ಬೇಸಿಗೆಯಲ್ಲಿ ಇಲ್ಲಿ ಕತ್ತಲೇ ಆಗದ ಕಾರಣ ಆ ಪಾಠ ನಡೆಯುವುದಿಲ್ಲ. ಮೊಳೆ ಟಯರಿಗೆ ಅಕ್ಟೋಬರ್ 16ರಿಂದ ಏಪ್ರಿಲ್ 30ರವರೆಗೆ ಅನುಮತಿ. ಚಳಿಗಾಲದ ಟಯರಿನ ತೋಡು ಕನಿಷ್ಠ 3 ಮಿ.ಮೀ. ಆಳವಿರಬೇಕು. ಬೆಚ್ಚಗಿನ ಸಮುದ್ರಪ್ರವಾಹದಿಂದ ಇಲ್ಲಿನ ಚಳಿಗಾಲದ ತಾಪಮಾನ ಶೂನ್ಯದ ಆಸುಪಾಸಲ್ಲೇ ಏರಿಳಿಯುತ್ತದೆ. ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ, ಅದರ ಮೇಲೆ ಮಳೆ ಬಿದ್ದಾಗ ರಸ್ತೆ ಗಾಜಿನಂತಾಗುತ್ತದೆ. ಅಪಾಯ ಕಡುಚಳಿಗಿಂತ ಈ ಮಂಜುಗಡ್ಡೆಯದ್ದೇ ಹೆಚ್ಚು. ಜಾರದಂತೆ ಬೂಟಿನ ಅಡಿಗೆ ಕಟ್ಟುವ ಮೊಳೆಪಟ್ಟಿ, ಅಂದರೆ ಬ್ರೊಡ್ಡರ್, ಮನೆಮಂದಿಗೆಲ್ಲ ಒಂದೊಂದು ಜೊತೆ ಕೊಳ್ಳಿ.

ಡಿಸೆಂಬರ್ ಎರಡನೇ ವಾರದಿಂದ ಜನವರಿ ಆರಂಭದವರೆಗೆ ಸೂರ್ಯ ಏಳುವುದಿಲ್ಲ. ನಡುಹಗಲಲ್ಲಿ ಕೆಲವು ಗಂಟೆ ನೀಲಿ ಬೆಳಕಷ್ಟೇ. ಮಕ್ಕಳ ಜಾಕೆಟ್ಟಿಗೆ ಎರಡೂ ಬದಿಯಲ್ಲಿ, ಮೊಣಕಾಲಿನೆತ್ತರದಲ್ಲಿ ರಿಫ್ಲೆಕ್ಸ್, ಅಂದರೆ ಬೆಳಕು ಬಿದ್ದಾಗ ಹೊಳೆಯುವ ಬಿಲ್ಲೆ, ತೂಗುಹಾಕಿ. ತಗ್ಗಿಸಿದ ಹೆಡ್‌ಲೈಟಿಗೆ ಅದಿಲ್ಲದವರು ಕಾಣುವುದು 25-30 ಮೀಟರಿನಲ್ಲಿ, ಇದ್ದವರು ಸುಮಾರು 140 ಮೀಟರಿನಲ್ಲೇ. ವಿಟಮಿನ್ ಡಿ ಬಿಡಬೇಡಿ. ಸ್ಥಳೀಯರು ಕುಡಿಯುವ ‘ತ್ರಾನ್’ ಮೀನಿನ ಎಣ್ಣೆ. ಸಸ್ಯಾಹಾರಿಗಳು ಕಲ್ಲುಹೂವಿನಿಂದ ತೆಗೆದ ಡಿ3 ಕೇಳಿ ಪಡೆಯಿರಿ. ಪ್ರಾಣಾಪಾಯದ ತುರ್ತಿಗೆ 113, ಮಿಕ್ಕ ತುರ್ತು ವೈದ್ಯಸೇವೆಗೆ 116117. ಆಸ್ಪತ್ರೆ ಗ್ರಾವ್‌ಡಾಲ್‌ನಲ್ಲಿ. ದೊಡ್ಡ ಚಿಕಿತ್ಸೆ ಸಮುದ್ರದಾಚೆಯ ಬೂಡೋ ನಗರದಲ್ಲಿ, ಬಿರುಗಾಳಿಯಿದ್ದರೆ ಅಲ್ಲಿಗೆ ವಿಮಾನ ಹಾರುವುದಿಲ್ಲ. ಖಾಯಂ ಔಷಧಿ ಮುಗಿಯುವ ಎರಡು ವಾರ ಮೊದಲೇ ತರಿಸಿ.

ಫೆಬ್ರವರಿಯಿಂದ ಮರದ ಚೌಕಟ್ಟುಗಳಲ್ಲಿ ಕಾಡ್ ಮೀನನ್ನು ಬಾಲ ಸೇರಿಸಿ ಜೋಡಿಯಾಗಿ ಕಟ್ಟಿ, ಉಪ್ಪಿಲ್ಲದೆ ಒಣಹಾಕುತ್ತಾರೆ. ವಾಸನೆ ಜೂನ್ ತನಕ ಇರುತ್ತದೆ. ಮನೆ ನೋಡುವಾಗ ಚೌಕಟ್ಟು ಎಷ್ಟು ದೂರವಿದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ಕೇಳಿ.

ಮನೆ ಕೊಂಡು ಅಂಗಳ ಅಗೆಯುವವರು ಒಂದು ಕಾನೂನು ತಿಳಿದಿರಬೇಕು. ಇದೇ ಕೊಮ್ಯೂನೆಯ ಬೋರ್ಗ್‌ ಎಂಬ ಊರಿನಲ್ಲಿ 1981ರಲ್ಲಿ ರೈತರೊಬ್ಬರು ಉಳುವಾಗ ಸಿಕ್ಕ ಗಾಜು, ಮಡಕೆ ಚೂರುಗಳಿಂದಲೇ 83 ಮೀಟರ್ ಉದ್ದದ ವೈಕಿಂಗ್ ನಾಯಕನ ಮನೆ ಬೆಳಕಿಗೆ ಬಂದದ್ದು. ಈಗ ಅಲ್ಲಿ ಲೋಫೋತರ್ ವಸ್ತುಸಂಗ್ರಹಾಲಯವಿದೆ. 1537ಕ್ಕಿಂತ ಹಳೆಯದೆಲ್ಲ ತಾನಾಗಿಯೇ ಸಂರಕ್ಷಿತ, 1650ಕ್ಕಿಂತ ಹಳೆಯ ನಾಣ್ಯಗಳು ಸರ್ಕಾರದ ಸ್ವತ್ತು. ಮಣ್ಣಿನಲ್ಲಿ ಮಸಿ ಪದರ, ಮಣಿ, ಕಬ್ಬಿಣದ ತುಂಡು ಕಂಡರೆ ಗುದ್ದಲಿ ನಿಲ್ಲಿಸಿ, ವಸ್ತುವನ್ನು ತೊಳೆಯದೆ, ಕದಲಿಸದೆ ಫೋಟೋ ತೆಗೆದು ಫಿಲ್ಕೆಸ್‌ಕೊಮ್ಯೂನೆಯ (ಜಿಲ್ಲಾಡಳಿತದ) ಪರಂಪರೆ ವಿಭಾಗಕ್ಕೆ ತಿಳಿಸಿ.