ಟೈರ್ ಪ್ರೆಶರ್ ಲೈಟ್ ರೀಸೆಟ್ ನಾನು ಹೇಗೆ ಮಾಡ್ದೆ

ಡ್ಯಾಶ್‌ಬೋರ್ಡಲ್ಲಿ ಆ ಹಳದಿ ಲೈಟ್, ಅದೇ ಕುದುರೆ ಲಾಳದ ಥರ ಇದ್ದು ಮಧ್ಯ ಆಶ್ಚರ್ಯಸೂಚಕ ಚಿಹ್ನೆ ಇರತ್ತಲ್ಲ, ಅದು ಬಂದ್ರೆ ಎಲ್ರೂ ಮೊದಲು ಹುಡುಕೋದು ರೀಸೆಟ್ ಬಟನ್ನು. ನಾನು ಹೇಗೆ ಮಾಡ್ದೆ ಅಂತ ಬರೀತೀನಿ, ಆದ್ರೆ ಬಟನ್ ವಿಷಯ ಆಮೇಲೆ, ಯಾಕಂದ್ರೆ ಅಸಲಿ ಕೆಲಸ ಇರೋದು ಅದಕ್ಕಿಂತ ಮುಂಚೆ.

ನನ್ನ ಕಾರಲ್ಲಿ ಚಕ್ರದೊಳಗೆ ಪ್ರೆಶರ್ ಸೆನ್ಸರ್ ಇಲ್ಲ. ಎಬಿಎಸ್‌ಗೆ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋ ವ್ಯವಸ್ಥೆ) ಅಂತ ಇರೋ, ಚಕ್ರ ಎಷ್ಟು ವೇಗ ಸುತ್ತತ್ತೆ ಅಂತ ನೋಡೋ ವೀಲ್ ಸ್ಪೀಡ್ ಸೆನ್ಸರ್‌ನಲ್ಲೇ ಲೆಕ್ಕ ಹಾಕತ್ತೆ. ಗಾಳಿ ಇಳಿದ ಟೈರ್ ಸ್ವಲ್ಪ ಕುಗ್ಗಿರತ್ತೆ, ಅಷ್ಟೇ ದೂರ ಹೋಗೋಕೆ ಮಿಕ್ಕವಕ್ಕಿಂತ ಒಂಚೂರು ಜಾಸ್ತಿ ಸುತ್ತತ್ತೆ, ಆ ವ್ಯತ್ಯಾಸ ಹಿಡಿದು ಲೈಟ್ ಹಾಕತ್ತೆ. ಅಂದ್ರೆ ಎಷ್ಟು ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಇರಬೇಕು ಅಂತ ಇದಕ್ಕೆ ಗೊತ್ತೇ ಇಲ್ಲ, ನೀವು ರೀಸೆಟ್ ಒತ್ತಿದಾಗ ಎಷ್ಟಿದೆಯೋ ಅದನ್ನೇ ಸರಿ ಅಂದ್ಕೊಳತ್ತೆ. 33 ಇರಬೇಕಾದ ಕಡೆ 26 ಇದ್ದಾಗ ಒತ್ತಿದ್ರೂ ಲೈಟ್ ಆರತ್ತೆ, ಟೈರ್ ಮಾತ್ರ ಓಡ್ತಾ ಓಡ್ತಾ ಬಿಸಿಯಾಗಿ ಎರಡೂ ಅಂಚು ಸವೀತಾ ಇರತ್ತೆ. ಇದೊಂದು ವಿಷಯ ದಯವಿಟ್ಟು ನೆನಪಿಟ್ಕೊಳ್ಳಿ.

ಅದಕ್ಕೇ ಬೆಳಗ್ಗೆ ಗಾಡಿ ಎತ್ತೋಕೆ ಮುಂಚೆನೇ ಗಾಳಿ ಅಳೆಯೋ ಗೇಜ್ ಹಿಡ್ದು ಕೂತೆ. ಟೈರ್ ತಣ್ಣಗಿರಬೇಕು, ಕನಿಷ್ಠ ಮೂರು ಗಂಟೆ ನಿಂತಿರಬೇಕು, ಓಡ್ಸಿ ಬಂದು ಅಳೆದ್ರೆ ಜಾಸ್ತಿ ತೋರ್ಸತ್ತೆ. ಎಷ್ಟಿರಬೇಕು ಅನ್ನೋದು ಡ್ರೈವರ್ ಬಾಗಿಲು ತೆಗೆದ್ರೆ ಕಾಣೋ, ಬಾಗಿಲ ಪಕ್ಕದ ಬಾಡಿ ಕಂಬದ ಮೇಲಿನ ಸ್ಟಿಕರ್‌ನಲ್ಲಿದೆ, ಟೈರ್ ಪಕ್ಕದಲ್ಲಿ ಅಚ್ಚಾಗಿರೋ ನಂಬರ್ ಆ ಟೈರ್ ತಡೆಯೋ ಗರಿಷ್ಠ, ಅದನ್ನ ನೋಡಿ ಗಾಳಿ ತುಂಬಬೇಡಿ. ನನ್ನದ್ರಲ್ಲಿ ಮೂರು ಟೈರ್ ಹೆಚ್ಚುಕಮ್ಮಿ ಸರಿಯಿತ್ತು, ಹಿಂದಿನ ಎಡಗಡೆದು ಒಂದೇ 24ಕ್ಕೆ ಇಳಿದಿತ್ತು. ಒಂದೇ ಟೈರ್ ಹೀಗೆ ಇಳಿದಿದೆ ಅಂದ್ರೆ ಎಲ್ಲೋ ಲೀಕ್ ಇದೆ ಅಂತ್ಲೇ ಅರ್ಥ. ಗಾಳಿ ತುಂಬಿ ಸೋಪ್ ನೀರು ಬಿಟ್ಟು ನೋಡ್ದೆ, ಮೇಲ್ಮೈಲಿ ಮೊಳೆ ಗಿಳೆ ಏನೂ ಕಾಣಲಿಲ್ಲ, ಆದ್ರೆ ವಾಲ್ವ್ ಬಾಯಲ್ಲಿ ನೊರೆ ಹಾಗೇ ನಿಂತು, ಮೆಲ್ಲಗೆ ಒಂದು ಗುಳ್ಳೆ ಉಬ್ಬಿತು, ಒಡೀತು, ಮತ್ತೆ ಅಲ್ಲೇ ಇನ್ನೊಂದು. ಒಳಗಿನ ಪಿನ್ ಸಡಿಲ ಆಗಿತ್ತು. ಅದರ ಟೂಲ್ ಹಾಕಿ ಬಿಗಿ ಮಾಡಿ, ಮತ್ತೆ ಸೋಪ್ ನೀರು ಬಿಟ್ಟು ಗುಳ್ಳೆ ಬರ್ತಿಲ್ಲ ಅಂತ ಖಾತ್ರಿ ಮಾಡ್ಕೊಂಡು, ನಾಲ್ಕಕ್ಕೂ ಸ್ಟಿಕರ್ ಪ್ರಕಾರ ಗಾಳಿ ಹೊಂದಿಸ್ದೆ.

ಇನ್ನು ಬಟನ್. ಗಾಡಿ ನಿಂತಿರೋ ಹಾಗೇ ಇಗ್ನಿಷನ್ ಆನ್ ಮಾಡಿ, ಸ್ಟೀರಿಂಗ್ ಕೆಳಗಿರೋ ಬಟನ್ನ ಒತ್ತಿ ಹಿಡ್ಕೊಂಡೆ, ಲೈಟ್ ನಿಧಾನಕ್ಕೆ ಮೂರು ಸಲ ಮಿನುಗಿದ ಮೇಲೆ ಬಿಟ್ಟೆ. ಕೆಲವು ಕಾರಲ್ಲಿ ಬಟನ್ ಗ್ಲೋವ್ ಬಾಕ್ಸಲ್ಲಿರತ್ತೆ, ಹೊಸ ಕಾರುಗಳಲ್ಲಿ ಸ್ಕ್ರೀನ್ ಮೆನುನಲ್ಲೇ ಇರತ್ತೆ, ಮ್ಯಾನುಯಲ್ ನೋಡ್ಕೊಳ್ಳಿ. ಒತ್ತಿದ ತಕ್ಷಣ ಮುಗೀತು ಅಂತಲ್ಲ, ಸ್ವಲ್ಪ ಹೊತ್ತು ಒಂದೇ ಹದದ ವೇಗದಲ್ಲಿ ಓಡ್ಸಿದ್ರೇನೇ ಅದು ಹೊಸ ಲೆಕ್ಕ ಕಲಿಯೋದು.

ಚಕ್ರದೊಳಗೇ ಸೆನ್ಸರ್ ಇರೋ ಕಾರಾದ್ರೆ ಕಥೆ ಬೇರೆ. ಅದು ನೇರ ಪ್ರೆಶರ್ ಅಳೆಯೋದ್ರಿಂದ ಗಾಳಿ ಸರಿ ಮಾಡಿ ಒಂದು ರೌಂಡ್ ಹೋದ್ರೆ ಸಾಮಾನ್ಯವಾಗಿ ಲೈಟ್ ತಾನೇ ಹೋಗತ್ತೆ. ಸ್ಟಾರ್ಟ್ ಮಾಡಿದಾಗ ಒಂದು ನಿಮಿಷದ ಹತ್ರ ಮಿನುಗಿ ಆಮೇಲೆ ಹಾಗೇ ಉರೀತಿದ್ರೆ ಅದು ಗಾಳಿ ಕಮ್ಮಿ ಅಂತಲ್ಲ, ಸಿಸ್ಟಮ್‌ನಲ್ಲೇ ದೋಷ, ಎಷ್ಟೋ ಸಲ ಸೆನ್ಸರ್ ಬ್ಯಾಟರಿ ಮುಗಿದಿರತ್ತೆ, ಅದು 5ರಿಂದ 10 ವರ್ಷ ಬರತ್ತೆ, ಬ್ಯಾಟರಿ ಒಂದನ್ನೇ ಬದಲಾಯಿಸೋಕೆ ಬರಲ್ಲ, ಸಾಮಾನ್ಯವಾಗಿ ಸೆನ್ಸರ್ರೇ ಹೊಸದು ಹಾಕಬೇಕು.

ಚಳಿ ಬೆಳಗ್ಗೆ ಲೈಟ್ ಬಂದು ಸ್ವಲ್ಪ ಓಡ್ಸಿದ ಮೇಲೆ ಹೋಗ್ತಿದ್ರೂ ಗೇಜ್ ಹಾಕಿ ನೋಡಿ, ತಾಪಮಾನ ಐದಾರು ಡಿಗ್ರಿ ಸೆಲ್ಸಿಯಸ್ ಇಳಿದ್ರೆ ಸುಮಾರು 1 ಪಿಎಸ್‌ಐ ಇಳಿಯತ್ತೆ. ಹಾಗೇ ಬಿಸಿ ಟೈರಿಂದ ಗಾಳಿ ಬಿಡೋಕೆ ಹೋಗಬೇಡಿ.

ನನ್ನ ಕಾರಿನ ಥರದ ಸಿಸ್ಟಮ್ಮು ನಾಲ್ಕೂ ಟೈರ್ ಒಟ್ಟಿಗೆ ಸಮವಾಗಿ ಇಳಿದ್ರೆ ಗುರುತು ಹಿಡೀದೆನೂ ಇರಬಹುದು, ಅದಕ್ಕೆ ಲೈಟ್ ಇರಲಿ ಬಿಡಲಿ ತಿಂಗಳಿಗೊಮ್ಮೆ ಸ್ಟೆಪ್ನಿ ಸೇರಿಸಿ ಐದನ್ನೂ ಗೇಜಲ್ಲಿ ನೋಡ್ತೀನಿ.